ದೂರ ಬೇಡ, ಎತ್ತರ ಬೇಕು: ಚಂಡಮಾರುತದ ಊರಿನಲ್ಲಿ ಮಕ್ಕಳಿರುವವರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಫ್ಲಾರಿಡಾ, ಟೆಕ್ಸಾಸ್ ಕಡೆ ಮಕ್ಕಳಿರುವ ಬೆಂಗಳೂರಿನ ತಂದೆತಾಯಂದಿರವು. ಅಟ್ಲಾಂಟಿಕ್ ಸಾಗರದ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಸೆಪ್ಟೆಂಬರ್ ಬಂತೆಂದರೆ ಅದರ ಅಬ್ಬರ ತುತ್ತತುದಿಗೆ ಏರುತ್ತದೆ. ಹ್ಯೂಸ್ಟನ್ ಬಳಿಯ ಡಯಾಲಿಸಿಸ್ ಕೇಂದ್ರವೊಂದರಲ್ಲಿ ಬಹುಕಾಲ ನರ್ಸ್ ಆಗಿದ್ದು, ನಿವೃತ್ತಳಾದ ಮೇಲೆ ಜಯನಗರಕ್ಕೆ ಮರಳಿದವಳು ನಾನು. ಹಾಗಾಗಿ ಸಂಪಾದಕರು ಈ ಕಟ್ಟನ್ನು ನನ್ನ ಕೈಗಿತ್ತರು.

ಮಗಳು, ಅಳಿಯ, ಎರಡು ವರ್ಷದ ಮೊಮ್ಮಗ ಫ್ಲಾರಿಡಾದ ಟ್ಯಾಂಪಾದಲ್ಲಿದ್ದಾರೆ. ಚಂಡಮಾರುತದ ಸುದ್ದಿ ಬಂದಾಗಲೆಲ್ಲ ಅಳಿಯಂದಿರು, "ನಕ್ಷೆಯಲ್ಲಿನ ಗೆರೆ ನಮ್ಮ ಊರಿನ ಮೇಲೆ ಹೋಗುತ್ತಿಲ್ಲ ಅತ್ತೆ, ಅದೂ ಎರಡನೇ ದರ್ಜೆಯದು ಅಷ್ಟೇ" ಎನ್ನುತ್ತಾರೆ. ನಾನು ಇಲ್ಲಿ ರಾತ್ರಿಯಿಡೀ ಟಿ.ವಿ. ಮುಂದೆ ಕೂರುತ್ತೇನೆ. ಹೊರಡಿ ಎಂದು ಹೇಳಲೇ, ಸುಮ್ಮನಿರಲೇ?
ಒಬ್ಬ ತಾಯಿ, ರಾಜಾಜಿನಗರ

ಸುಮ್ಮನಿರಬೇಡಿ ತಾಯಿ. ಆದರೆ "ಹೊರಡಿ" ಎನ್ನುವ ಮೊದಲು ಒಂದು ಪ್ರಶ್ನೆ ಕೇಳಿ: "ನಿಮ್ಮ ಮನೆ ಯಾವ ವಲಯದಲ್ಲಿದೆ?" ಫ್ಲಾರಿಡಾದ ಕರಾವಳಿ ಜಿಲ್ಲೆಗಳಲ್ಲಿ ಕಡಲಿನ ನೀರು ನುಗ್ಗಬಹುದಾದ ಪ್ರತಿ ಮನೆಗೂ ಒಂದು ತೆರವು ವಲಯ ಗೊತ್ತುಮಾಡಿರುತ್ತಾರೆ. ಎ ಎಂದರೆ ಕಡಲಿನ ನೀರಿಗೆ ಮೊದಲು ಸಿಗುವ ಜಾಗ, ಆಮೇಲೆ ಬಿ, ಸಿ, ಹೀಗೆ. ಜಿಲ್ಲಾಡಳಿತದ ಜಾಲತಾಣದಲ್ಲಿ ಮನೆಯ ವಿಳಾಸ ಹಾಕಿದರೆ ಆ ಅಕ್ಷರ ಸಿಗುತ್ತದೆ. ವಿಮೆಯವರು ಹೇಳುವ ಪ್ರವಾಹ ವಲಯ ಬೇರೆ, ಇದು ಬೇರೆ. ಒಂದನ್ನು ನೋಡಿ ಇನ್ನೊಂದು ಎಂದುಕೊಂಡವರು ಬಹಳ. ನಿಮ್ಮ ಅಳಿಯಂದಿರಿಗೆ ಆ ಅಕ್ಷರ ತಟ್ಟನೆ ಹೇಳಲು ಬಾರದಿದ್ದರೆ, ಮಳೆ ಗಾಳಿ ಇಲ್ಲದ ಈ ವಾರವೇ ನೋಡಿಸಿ.

ಇನ್ನು ಆ ಗೆರೆಯ ಮಾತು. ಮಯಾಮಿಯಲ್ಲಿರುವ ರಾಷ್ಟ್ರೀಯ ಹರಿಕೇನ್ ಕೇಂದ್ರ ನಕ್ಷೆಯಲ್ಲಿ ಆ ಗೆರೆಯ ಸುತ್ತ ಬಿಡಿಸುವ ಬಿಳಿಯ ಶಂಕು, ಚಂಡಮಾರುತದ ನಡುಬಿಂದು ಎಲ್ಲಿ ಹಾದುಹೋಗಬಹುದು ಎಂಬುದನ್ನಷ್ಟೇ ಹೇಳುತ್ತದೆ. ತೇರಿನ ಅಚ್ಚು ಯಾವ ಬೀದಿಯಲ್ಲಿ ಉರುಳುತ್ತದೆ ಎಂದು ತಿಳಿದ ಮಾತ್ರಕ್ಕೆ ಪಕ್ಕದ ಬೀದಿಯಲ್ಲಿ ನೂಕುನುಗ್ಗಲು ಇರುವುದಿಲ್ಲ ಎನ್ನಲಾಗುತ್ತದೆಯೇ? ಆ ನಡುಬಿಂದು ಕೂಡ ಮೂರರಲ್ಲಿ ಒಂದು ಸಲ ಶಂಕುವಿನಿಂದ ಹೊರಗೇ ಹೋಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಟ್ಯಾಂಪಾದಿಂದ ನೂರು ಮೈಲಿಗೂ ದೂರದಲ್ಲಿ, ಕಡಲಿನ ಮೇಲೆಯೇ ಹಾದುಹೋಯಿತು. ಹಾಗಿದ್ದೂ ಟ್ಯಾಂಪಾ ಕೊಲ್ಲಿಯಲ್ಲಿ ನೀರು ಆರು ಅಡಿಗೂ ಹೆಚ್ಚು ಉಕ್ಕಿ ಮನೆಗಳಿಗೆ ನುಗ್ಗಿತು. ತಮ್ಮ ಮನೆಯೊಳಗೇ ಮುಳುಗಿ ಸತ್ತವರಿದ್ದರು. ಎರಡು ವಾರದ ನಂತರ ಮಿಲ್ಟನ್ ನೇರವಾಗಿ ಟ್ಯಾಂಪಾ ಕಡೆಗೇ ಬಂದು, ಕೊನೆಗೆ ದಕ್ಷಿಣಕ್ಕೆ ಸರಿದು ಸಿಯೆಸ್ಟಾ ಕೀ ಬಳಿ ದಡ ಮುಟ್ಟಿತು. ಟ್ಯಾಂಪಾದಲ್ಲಿ ಕಡಲುಬ್ಬರ, ಅಂದರೆ ಗಾಳಿ ದಡದ ಮೇಲೆ ನೂಕುವ ಕಡಲಿನ ನೀರು, ಬರಲಿಲ್ಲ. ಆ ಸಲ ಮನೆ ಬಿಟ್ಟವರು "ಸುಮ್ಮನೆ ಓಡಿದೆವು" ಎಂದು ಪೇಚಾಡಿಕೊಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅವರು ಸರಿಯಾದದ್ದನ್ನೇ ಮಾಡಿದ್ದರು.

ದರ್ಜೆಯ ಲೆಕ್ಕವೂ ಹಾಗೆಯೇ. ಒಂದರಿಂದ ಐದರವರೆಗಿನ ಆ ದರ್ಜೆ ಅಳೆಯುವುದು ಗಾಳಿಯ ವೇಗವನ್ನು ಮಾತ್ರ: ಗಂಟೆಗೆ 119 ಕಿ.ಮೀ. ಆದರೆ ಮೊದಲನೆಯದು, 252 ಕಿ.ಮೀ. ಮುಟ್ಟಿದರೆ ಐದನೆಯದು. ನೀರಿನ ವಿಷಯ ಅದರಲ್ಲಿಲ್ಲ. 2008ರಲ್ಲಿ ಐಕ್ ಚಂಡಮಾರುತ ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿಗೆ ಅಪ್ಪಳಿಸಿದಾಗ ಅದು ಎರಡನೇ ದರ್ಜೆಯದೇ. ಪಕ್ಕದ ಬೊಲಿವರ್ ಪರ್ಯಾಯ ದ್ವೀಪದಲ್ಲಿ ಕಡಲು 15 ಅಡಿಗೂ ಮೇಲೆ ಏರಿ ಸಾಲುಸಾಲು ಮನೆಗಳನ್ನು ಕಂಬಗಳ ಸಮೇತ ಕಿತ್ತುಕೊಂಡು ಹೋಯಿತು. ಅಮೆರಿಕದಲ್ಲಿ ಚಂಡಮಾರುತ ನೇರವಾಗಿ ಬಲಿ ತೆಗೆದುಕೊಂಡವರಲ್ಲಿ ಬಹುಪಾಲು ಜನರನ್ನು ಕೊಂದಿದ್ದು ನೀರು, ಗಾಳಿಯಲ್ಲ. ಅದಕ್ಕೇ ಅಲ್ಲಿನ ಅಧಿಕಾರಿಗಳು ವರ್ಷವರ್ಷವೂ ಹೇಳುತ್ತಾರೆ: ನೀರಿನಿಂದ ಓಡಿ, ಗಾಳಿಯಿಂದ ಅವಿತುಕೊಳ್ಳಿ.

ಇದರ ಅರ್ಥ ಎಲ್ಲರೂ ಓಡಬೇಕೆಂದಲ್ಲ. ವಲಯದ ಹೊರಗೆ, ಈಚಿನ ನಿಯಮದಂತೆ ಕಟ್ಟಿದ ಗಟ್ಟಿ ಮನೆಯಲ್ಲಿದ್ದರೆ ಮನೆಯಲ್ಲೇ ಇರುವುದು ಲೇಸು. ವಲಯದೊಳಗಿದ್ದು ತೆರವಿನ ಆದೇಶ ಬಂದರೆ ಹೊರಡಲೇಬೇಕು. ಚಕ್ರದ ಮೇಲಿನ ತಗಡಿನ ಮನೆಗಳಲ್ಲಿ ಇರುವವರು ಯಾವ ವಲಯವಾದರೂ ಬಿಡಬೇಕು. "ನಾವು ಎರಡನೇ ಮಹಡಿಯಲ್ಲಿದ್ದೇವೆ" ಎಂದು ನಿಮ್ಮ ಮಗಳು ಹೇಳಬಹುದು. ನೀರು ಅಲ್ಲಿಗೆ ಏರದಿರಬಹುದು. ಆದರೆ ಕೆಳಗೆ ನೀರು ನಿಂತು, ಕರೆಂಟು ಹೋಗಿ, ನಲ್ಲಿ ಒಣಗಿ, ಶೌಚಾಲಯ ಕಟ್ಟಿಕೊಂಡ ಮನೆಯಲ್ಲಿ ಎರಡು ವರ್ಷದ ಮಗುವಿಗೆ ಜ್ವರ ಬಂದರೆ ಆಂಬುಲೆನ್ಸ್ ಬರುವುದಿಲ್ಲ.

ಹೋಗುವುದು ಎಲ್ಲಿಗೆ? ಪಕ್ಕದ ರಾಜ್ಯ ಜಾರ್ಜಿಯಾಕ್ಕೆ ಹೋಗಬೇಕಾಗಿಲ್ಲ. ಹತ್ತಾರು ಮೈಲಿ ಸಾಕು, ನೂರಾರು ಮೈಲಿ ಬೇಡ. ಅದೇ ಊರಿನ ಎತ್ತರದ ಭಾಗದಲ್ಲಿ, ವಲಯದ ಹೊರಗಿರುವ ಸ್ನೇಹಿತರ ಮನೆ ಇದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಈಗಲೇ ಅವರನ್ನು ಕೇಳಿಟ್ಟುಕೊಳ್ಳಲಿ. ನಮ್ಮವರು ಇಂಥ ಮಾತನ್ನು ಕೇಳಲು ಹಿಂಜರಿಯುತ್ತಾರೆ. ಹಿಂಜರಿಕೆ ಬೇಡ, ಮನೆ ಕೊಡುವವರಿಗೆ ಇದು ಭಾರವಲ್ಲ.

ಇನ್ನು ನಿಮ್ಮ ರಾತ್ರಿಗಳ ವಿಷಯ. ಮಯಾಮಿಯ ಕೇಂದ್ರ ದಿನಕ್ಕೆ ನಾಲ್ಕು ಸಲ ಪೂರ್ಣ ಮುನ್ಸೂಚನೆ ಕೊಡುತ್ತದೆ. ನಮ್ಮ ಗಡಿಯಾರದಲ್ಲಿ ಅದು ಬೆಳಿಗ್ಗೆ 8.30, ಮಧ್ಯಾಹ್ನ 2.30, ರಾತ್ರಿ 8.30 ಮತ್ತು ನಡುರಾತ್ರಿ 2.30. ದಡ ಹತ್ತಿರವಾದಾಗ ನಡುನಡುವೆಯೂ ಕೊಡುತ್ತಾರೆ. ರಾತ್ರಿ 8.30ರದ್ದನ್ನು ಓದಿ ಮಗಳೊಂದಿಗೆ ಮಾತಾಡಿ. ಅಲ್ಲಿ ಆಗ ಬೆಳಿಗ್ಗೆ 11 ಗಂಟೆ, ಹೊರಡಲು ಹಗಲು ಇನ್ನೂ ಉಳಿದಿರುತ್ತದೆ. ಟಿ.ವಿ. ಆರಿಸಿ ಮಲಗಿ. "ವಾಚ್" ಎಂದರೆ ಬಿರುಗಾಳಿ ಬೀಸಲು ಸುಮಾರು 48 ಗಂಟೆ ಇದೆ, "ವಾರ್ನಿಂಗ್" ಎಂದರೆ 36 ಗಂಟೆ. ಈ ಲೆಕ್ಕ ಚಂಡಮಾರುತ ದಡ ಮುಟ್ಟುವ ಹೊತ್ತಿನದಲ್ಲ, ಗಂಟೆಗೆ 63 ಕಿ.ಮೀ. ಗಾಳಿ ಶುರುವಾಗುವ ಹೊತ್ತಿನದು. ಗಾಳಿ ಆ ವೇಗಕ್ಕೆ ಬಂತೆಂದರೆ ಟ್ಯಾಂಪಾ ಕೊಲ್ಲಿಯ ಸೇತುವೆಗಳನ್ನು ಮುಚ್ಚುತ್ತಾರೆ. ವಾಚ್ ಬಂದ ದಿನ ಚೀಲ ಸಿದ್ಧವಿರಬೇಕು, ಆದೇಶ ಬಂದ ಹಗಲಿನಲ್ಲೇ ಕಾರು ಹೊರಟಿರಬೇಕು. 2022ರಲ್ಲಿ ಇಯಾನ್ ಚಂಡಮಾರುತ ಟ್ಯಾಂಪಾ ಕಡೆಗೆ ಹೋಗುತ್ತದೆಂದು ಹಲವು ದಿನ ನಂಬಿದ್ದ ಫೋರ್ಟ್ ಮೈಯರ್ಸ್ ಸುತ್ತಿನ ಜನಕ್ಕೆ ಆದೇಶ ಬಂದದ್ದು ಒಂದೇ ದಿನ ಮೊದಲು. ನಾಳೆ ನೋಡೋಣ ಎಂದವರಿಗೆ ನಾಳೆ ಉಳಿಯಲಿಲ್ಲ.

ಕಿಟಕಿ ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸಿದರೆ ಒಡೆಯುವುದಿಲ್ಲವಂತೆ, ನಿಜವೇ?
ಎಂ. ಕೆ., ಹನುಮಂತನಗರ

ಅಲ್ಲ. ಗಾಜು ಒಡೆದೇ ಒಡೆಯುತ್ತದೆ, ದೊಡ್ಡ ದೊಡ್ಡ ಚೂರುಗಳಾಗಿ ಹಾರುತ್ತದೆ. ಪ್ಲೈವುಡ್ ಹಲಗೆ ಅಥವಾ ಅದಕ್ಕೆಂದೇ ಮಾಡಿದ ಷಟರ್ ಬೇಕು. ಟೇಪ್ ಅಂಟಿಸುವ ಹೊತ್ತನ್ನು ಕಾರಿಗೆ ಪೆಟ್ರೋಲ್ ತುಂಬಿಸಲು ಬಳಸಲಿ.

ಸೊಸೆಗೆ ಸೆಪ್ಟೆಂಬರ್ ಕೊನೆಗೆ ಹೆರಿಗೆ. ಬಾಣಂತನಕ್ಕೆಂದು ಹ್ಯೂಸ್ಟನ್ನಿಗೆ ಹೊರಟಿದ್ದೇವೆ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನನಗೆ ರಕ್ತದೊತ್ತಡ. ಅಲ್ಲಿ ಚಂಡಮಾರುತ ಬಂದು ಮನೆ ಬಿಡಬೇಕಾದರೆ ಏನೇನು ಜೊತೆಗಿರಬೇಕು? ಪ್ರಯಾಣವನ್ನೇ ಮುಂದೂಡಲೇ?
ಎಸ್. ಆರ್., ಬನಶಂಕರಿ

ಮುಂದೂಡಬೇಡಿ, ಹೆರಿಗೆ ಮುಂದೂಡಲು ಬರುವುದಿಲ್ಲವಲ್ಲ. ಸಿದ್ಧರಾಗಿ ಹೋಗಿ.

ನೀವು ಕೇಳಿದ್ದು ಸಾಮಾನಿನ ಪಟ್ಟಿ. ಆದರೆ ಆ ದಾರಿ ಹೇಗಿರುತ್ತದೆ ಎಂದು ತಿಳಿದರೆ ಪಟ್ಟಿ ತಾನಾಗಿ ಹೊಳೆಯುತ್ತದೆ. 2005ರ ಸೆಪ್ಟೆಂಬರ್‌ನಲ್ಲಿ ರೀಟಾ ಚಂಡಮಾರುತ ಬರುತ್ತಿದೆ ಎಂದಾಗ ಹ್ಯೂಸ್ಟನ್ ಸುತ್ತಿನಿಂದ 20 ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ರಸ್ತೆಗಿಳಿದರು. ಕತ್ರೀನಾ ನ್ಯೂ ಆರ್ಲಿಯನ್ಸನ್ನು ಮುಳುಗಿಸಿ ಆಗಿನ್ನೂ ತಿಂಗಳು ತುಂಬಿರಲಿಲ್ಲ. ಟಿ.ವಿ.ಯಲ್ಲಿ ಆ ಹೆಣಗಳನ್ನು ಕಂಡ ಜನ, ಕಡಲಿನಿಂದ ಎಷ್ಟೋ ದೂರದ, ಬಿಡುವ ಅಗತ್ಯವೇ ಇಲ್ಲದ ಬಡಾವಣೆಗಳಿಂದಲೂ ಹೊರಟುಬಿಟ್ಟರು. ಕಡಲಂಚಿನವರು ಅವರ ಹಿಂದೆ ಸಿಕ್ಕಿಕೊಂಡರು. ನಾವು ಕಡಲಿಗೆ ಹತ್ತಿರದ ಕ್ಲಿಯರ್ ಲೇಕ್‌ನಲ್ಲಿದ್ದೆವು, ಬಿಡಲೇಬೇಕಿತ್ತು. ಡಲ್ಲಾಸಿಗೆ ನಾಲ್ಕು ಗಂಟೆಯ ಹೆದ್ದಾರಿಯಲ್ಲಿ ಕಾರುಗಳು ಹಗಲೂ ರಾತ್ರಿ ತೆವಳಿದವು. ಬಿಸಿಲು 38 ಡಿಗ್ರಿ ಹತ್ತಿರ. ಪೆಟ್ರೋಲ್ ಉಳಿಸಲು ಎಲ್ಲರೂ ಎ.ಸಿ. ಆರಿಸಿ ಗಾಜು ಇಳಿಸಿದ್ದರು. ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ. ಅವರ ಹತ್ತಿಯ ಸೀರೆಯ ಸೆರಗನ್ನು ಬಾಟಲಿ ನೀರಿನಲ್ಲಿ ನೆನೆಸಿ ಕತ್ತು, ಕಂಕುಳಿಗೆ ಒತ್ತುತ್ತಿದ್ದೆ. ಅದು ನೋಡನೋಡುತ್ತಲೇ ಒಣಗುತ್ತಿತ್ತು. ಅವರು ಬೆವರುವುದು ನಿಲ್ಲಿಸಿಬಿಟ್ಟರೇ ಎಂದು ಹತ್ತತ್ತು ನಿಮಿಷಕ್ಕೆ ಹಣೆ ಮುಟ್ಟಿ ನೋಡುತ್ತಿದ್ದೆ, ಏಕೆಂದರೆ ವಯಸ್ಸಾದವರಿಗೆ ಬಿಸಿಲು ತಗುಲಿದ್ದರ ಗುರುತು ಅದು. ಆ ತೆರವಿನಲ್ಲೇ ಸುಮಾರು 100 ಜನ ಸತ್ತರು. ವೃದ್ಧಾಶ್ರಮದ ನಿವಾಸಿಗಳನ್ನು ಒಯ್ಯುತ್ತಿದ್ದ ಬಸ್ಸಿಗೆ ಡಲ್ಲಾಸ್ ಸಮೀಪ ಬೆಂಕಿ ಹೊತ್ತಿ, ಒಳಗಿದ್ದ ಆಮ್ಲಜನಕದ ಸಿಲಿಂಡರುಗಳು ಸಿಡಿದು 23 ವೃದ್ಧರು ತೀರಿಕೊಂಡರು. ರೀಟಾ ಕೊನೆಗೆ ಪೂರ್ವಕ್ಕೆ ತಿರುಗಿ ಲೂಯಿಸಿಯಾನಾ ಗಡಿಯಲ್ಲಿ ದಡ ಸೇರಿತು.

ಹೀಗಾಗಿ ಮೊದಲು ನೀರು. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ. ಕಾರಿನಲ್ಲೇ, ಕೈಗೆ ಸಿಗುವಂತೆ ಇರಲಿ, ಡಿಕ್ಕಿಯ ತಳದಲ್ಲಲ್ಲ. ಟ್ಯಾಂಕು ಆ ತಿಂಗಳುಗಳಲ್ಲಿ ಎಂದೂ ಅರ್ಧಕ್ಕಿಂತ ಕೆಳಗೆ ಇಳಿಯಬಾರದು ಎಂದು ಮಗನಿಗೆ ಹೇಳಿ.

ಎರಡನೆಯದು ಔಷಧಿ. ಇಲ್ಲಿನ ವೈದ್ಯರ ಚೀಟಿಗೆ ಅಲ್ಲಿನ ಅಂಗಡಿಯವರು ಮಾತ್ರೆ ಕೊಡುವುದಿಲ್ಲ. ಉಳಿಯುವಷ್ಟೂ ದಿನಕ್ಕೆ ಬೇಕಾದದ್ದು, ಜೊತೆಗೆ ಕೆಲವು ವಾರಗಳ ಹೆಚ್ಚುವರಿ ಇಲ್ಲಿಂದಲೇ ಒಯ್ಯಿರಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನು ಬರೆಸಿಕೊಳ್ಳಿ. ಬಳಸಲು ತೆರೆದ ಇನ್ಸುಲಿನ್ ಸಾಮಾನ್ಯವಾಗಿ ಸುಮಾರು 28 ದಿನ ಕೋಣೆಯ ಉಷ್ಣತೆಯಲ್ಲಿ ಇರಬಲ್ಲದು, ಆದರೆ ಬಿಸಿಲಿಗೆ ನಿಂತ ಕಾರು ಕೋಣೆಯಲ್ಲ. ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕಿನಲ್ಲಿ ತಣ್ಣೀರಿನಿಂದ ತೊಯ್ದ ಬಟ್ಟೆ ಸುತ್ತಿ, ಶೀಷೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಡಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು, ನೋಡಲು ಮಾತ್ರ ಮೊದಲಿನಂತೆಯೇ ಇರಬಹುದು. ಊಟ ತಡವಾಗುವ ದಾರಿಯಲ್ಲಿ ಸಕ್ಕರೆ ದಿಢೀರನೆ ಇಳಿಯುವುದೇ ಯಜಮಾನರಿಗೆ ದೊಡ್ಡ ಅಪಾಯ. ಬೆಲ್ಲದ ಅಚ್ಚೋ ಗ್ಲೂಕೋಸ್ ಪುಡಿಯೋ ಅವರ ಜೇಬಿನಲ್ಲೇ ಇರಲಿ.

ತಿಂಡಿಗೆ ನಾವು ಪುಣ್ಯವಂತರು. ಒಲೆ ಹಚ್ಚದೆ ತಿನ್ನುವುದು ನಮ್ಮಲ್ಲಿ ಬೇಕಾದಷ್ಟಿದೆ: ಹುರಿದ ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ, ಕೋಡುಬಳೆ. ಉಪ್ಪು ಹೆಚ್ಚಿನದನ್ನು ನೀವು ಸ್ವಲ್ಪ ದೂರವಿಡಿ, ರಕ್ತದೊತ್ತಡ ಎಂದಿದ್ದೀರಿ.

ಸೊಸೆಯ ವಿಷಯದಲ್ಲಿ ನಿರ್ಧಾರ ಅವರ ಹೆರಿಗೆ ವೈದ್ಯರದ್ದು. ಚಂಡಮಾರುತ ಬಂದರೆ ಯಾವ ಊರಿಗೆ, ಯಾವ ಆಸ್ಪತ್ರೆಗೆ ಎಂದು ಎಂಟನೇ ತಿಂಗಳಿಗೆ ಮೊದಲೇ ಕೇಳಿ ಬರೆದಿಟ್ಟುಕೊಳ್ಳಲಿ. ತಪಾಸಣೆಯ ದಾಖಲೆಗಳ ಪ್ರತಿ ಚೀಲದಲ್ಲಿರಲಿ. ತುಂಬು ಗರ್ಭಿಣಿಯನ್ನು ಕೊನೆಯ ದಿನದ ವಾಹನ ದಟ್ಟಣೆಗೆ ಸಿಕ್ಕಿಸಬಾರದು. ಮನೆ ತೆರವು ವಲಯದಲ್ಲಿದ್ದರೆ ಅವರು ಆದೇಶಕ್ಕೂ ಕಾಯದೆ ಮೊದಲೇ ಹೊರಡಲಿ. ಮಗು ಹುಟ್ಟಿದ ಮೇಲೆ ಬಂದರೆ, ಎದೆಹಾಲಿನಷ್ಟು ಕ್ಷೇಮವಾದದ್ದು ಬೇರೊಂದಿಲ್ಲ. ತೊಳೆಯಲು ನೀರಿಲ್ಲದ ಕಡೆ ಬಾಟಲಿ ಹಾಲು ಕಾಯಿಲೆಗೆ ದಾರಿ.

ಪಾಸ್‌ಪೋರ್ಟ್, ವಿಮೆ ಕಾಗದ, ಮಗನ ವೀಸಾ ದಾಖಲೆಗಳು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿರಲಿ. ಅವುಗಳ ಚಿತ್ರ ಬನಶಂಕರಿಯಲ್ಲಿರುವ ಯಾರಾದರೊಬ್ಬರ ಮೊಬೈಲಿನಲ್ಲೂ ಇರಲಿ. ಒಡವೆಗಳನ್ನು ಇಲ್ಲಿಯೇ ಬಿಟ್ಟು ಹೋಗಿ.

ಡಯಾಲಿಸಿಸ್‌ನಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಚಂಡಮಾರುತ ಬರುವ ಮುನ್ನವೇ ಒಂದು ಸರದಿ ಮುಗಿಸಿಕೊಡುವಂತೆ ಕೇಂದ್ರದವರನ್ನು ಕೇಳಿ, ಹೋಗುವ ಊರಿನಲ್ಲಿ ಮುಂದಿನ ಸರದಿ ಎಲ್ಲಿ ಎಂಬುದನ್ನು ಅವರಿಂದಲೇ ಗೊತ್ತುಮಾಡಿಸಿ. ಇದನ್ನು ಕೇಳಲು ಸಂಕೋಚಪಟ್ಟವರನ್ನು ನಾನು ಕಂಡಿದ್ದೇನೆ. ಕೇಳುವುದು ನಿಮ್ಮ ಹಕ್ಕು.

ತಮ್ಮ ಫ್ಲಾರಿಡಾದಲ್ಲಿ ಓದುತ್ತಿದ್ದಾನೆ. ಕಾರಿಲ್ಲ, ಕೈಯಲ್ಲಿ ದುಡ್ಡೂ ಕಡಿಮೆ. ಅವನು ಏನು ಮಾಡಬೇಕು?
ವಿ. ಎನ್., ವಿಜಯನಗರ

ವಿಶ್ವವಿದ್ಯಾಲಯದ ತುರ್ತು ಸಂದೇಶಗಳಿಗೆ ಮೊಬೈಲ್ ಸಂಖ್ಯೆ ನೋಂದಾಯಿಸಿದ್ದಾನೆಯೇ ಎಂದು ಇವತ್ತೇ ಕೇಳಿ. ಆವರಣದ ಹೊರಗೆ ಬಾಡಿಗೆಗೆ ಇರುವ ವಿದ್ಯಾರ್ಥಿಗಳೇ ಹೆಚ್ಚು ಪೇಚಿಗೆ ಸಿಗುವುದು. ಸಾರ್ವಜನಿಕ ಆಶ್ರಯ ಕೇಂದ್ರಗಳಿಗೆ ಹಣ ಕೊಡಬೇಕಾಗಿಲ್ಲ. ಹೆಚ್ಚಾಗಿ ಶಾಲೆಗಳಲ್ಲೇ ತೆರೆಯುತ್ತಾರೆ. 211 ಸಂಖ್ಯೆಗೆ ಕರೆ ಮಾಡಿದರೆ ಯಾವ ಕೇಂದ್ರ ತೆರೆದಿದೆ, ಅಲ್ಲಿಗೆ ಬಸ್ ಇದೆಯೇ ಎಂದು ಹೇಳುತ್ತಾರೆ. ಹೊದಿಕೆ, ದಿಂಬು, ಸಸ್ಯಾಹಾರಿಯಾದರೆ ತನ್ನ ಊಟ ತಾನೇ ಒಯ್ಯಬೇಕು. ಕಾರಿರುವ ಸಹಪಾಠಿಯೊಬ್ಬನ ಹತ್ತಿರ "ನೀನು ಹೊರಟರೆ ನನಗೊಂದು ಸೀಟು" ಎಂದು ಈಗಲೇ ಮಾತಾಡಿಕೊಂಡಿರಲಿ. ಅಮೆರಿಕದ ಬಹುತೇಕ ದೊಡ್ಡ ಊರುಗಳಲ್ಲಿ ಕನ್ನಡ ಕೂಟಗಳಿವೆ. ಯುಗಾದಿಗೂ ರಾಜ್ಯೋತ್ಸವಕ್ಕೂ ಹೋಗದವನು ಕೂಡ ಇಂಥ ಹೊತ್ತಿನಲ್ಲಿ ಅವರಿಗೆ ಫೋನ್ ಮಾಡಬಹುದು.

ಮಗನದು ಎಲೆಕ್ಟ್ರಿಕ್ ಕಾರು. ಅಪಾಯವೇ?
ಜಿ. ಪಿ., ನಾಗರಬಾವಿ

ಓಡಿಸುವುದರಲ್ಲಿ ಇಲ್ಲ, ಕರೆಂಟು ಹೋಗುವ ಮೊದಲೇ ಪೂರ್ತಿ ಚಾರ್ಜ್ ಮಾಡಿಕೊಳ್ಳಬೇಕು, ಅಷ್ಟೇ. ಬಿಟ್ಟುಹೋದರೆ ಅಪಾಯವಿದೆ. ಉಪ್ಪುನೀರು ಹೊಕ್ಕ ಬ್ಯಾಟರಿ ದಿನಗಳು ಕಳೆದ ಮೇಲೂ ಹೊತ್ತಿಕೊಳ್ಳಬಲ್ಲದು. ಇಯಾನ್, ಹೆಲೀನ್ ನಂತರ ಫ್ಲಾರಿಡಾದಲ್ಲಿ ಹಾಗಾಯಿತು. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಬಿಡದೆ ಎತ್ತರದ ಜಾಗಕ್ಕೆ ಸಾಗಿಸಲಿ.

ಅಮೆರಿಕದ ಮಾತು ಸರಿ. ಯಲಹಂಕದ ನಮ್ಮ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ದೋಣಿಯಲ್ಲಿ ಹೊರಬಂದವರು ನಾವು. ನಮಗೂ ಏನಾದರೂ ಹೇಳಿ.
ಒಬ್ಬ ನಿವಾಸಿ, ಯಲಹಂಕ

ಹೇಳಬೇಕಾದದ್ದು ಬಹಳ ಇದೆ. ಬೆಂಗಳೂರಿಗೆ ಕಡಲುಬ್ಬರವಿಲ್ಲ; ನಮ್ಮ ನೀರು ಬರುವುದು ಕೆರೆ ಕೋಡಿಯಿಂದ, ರಾಜಕಾಲುವೆಯಿಂದ. ಅದು ಎರಡು ದಿನ ಮೊದಲು ಸೂಚನೆ ಕೊಡುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ನಿಮ್ಮ ಭಾಗದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಗಳಲ್ಲಿ ಕರೆತಂದಾಗ, ವಯಸ್ಸಾದವರನ್ನು ಇಳಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿದ್ದಿರಬೇಕು. ನೀರು ನುಗ್ಗಿದ ಕಟ್ಟಡದಲ್ಲಿ ಲಿಫ್ಟ್ ನಂಬುವಂತಿಲ್ಲ. ನಿಮ್ಮ ಸಂಘದವರು ಪ್ರತಿ ಬ್ಲಾಕಿನಲ್ಲಿ ಮೆಟ್ಟಿಲು ಇಳಿಯಲಾರದವರು ಯಾರು ಎಂಬ ಪಟ್ಟಿ ಇಟ್ಟುಕೊಳ್ಳಲಿ, ಕೆರೆ ತುಂಬಿದ ಸುದ್ದಿ ಬಂದ ದಿನವೇ ಅವರನ್ನು ಮೊದಲು ನೆಂಟರ ಮನೆಗೆ ಕಳಿಸಲಿ.

ನೆಲಮಾಳಿಗೆಗೆ ನೀರು ಬಂದರೆ ಕಾರು ತರಲು ಯಾರೂ ಇಳಿಯಬಾರದು. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ತುಂಬಿದ ನೀರನ್ನು ಪಂಪಿನಿಂದ ಹೊರಹಾಕಲು ಹೋಗಿ ವಿದ್ಯುತ್ ತಗುಲಿ ಇಬ್ಬರು ಸತ್ತರು, ಅವರಲ್ಲಿ ಒಬ್ಬ ಬಾಲಕ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ಪ್ರಾಣ ಬಿಟ್ಟಿದ್ದು ವಿಧಾನಸೌಧದಿಂದ ಕೂಗಳತೆಯಲ್ಲಿ. ಹರಿಯುವ ನೀರು ಅರ್ಧ ಅಡಿ ಇದ್ದರೆ ಮನುಷ್ಯನನ್ನು ಬೀಳಿಸುತ್ತದೆ, ಒಂದು ಅಡಿ ಚಿಕ್ಕ ಕಾರನ್ನು ತೇಲಿಸುತ್ತದೆ, ಎರಡು ಅಡಿ ದೊಡ್ಡ ವಾಹನಗಳನ್ನೂ ಒಯ್ಯುತ್ತದೆ. ಈ ಲೆಕ್ಕ ಟ್ಯಾಂಪಾಕ್ಕೂ ಒಂದೇ, ಯಲಹಂಕಕ್ಕೂ ಒಂದೇ. ಎಷ್ಟು ಆಳ ಎಂದು ಕಾಣದ ನೀರಿಗೆ ಬಂಡಿ ಇಳಿಸಬೇಡಿ. ಯಾರು ಹಿಂದಿನಿಂದ ಹಾರ್ನ್ ಹೊಡೆದರೂ ಸರಿ.

ಚಂಡಮಾರುತ ದಾಟಿದ ಮೇಲೆ ಮಗಳಿಂದ ಎರಡು ದಿನ ಫೋನೇ ಬರದಿದ್ದರೆ? ಮನೆಗೆ ಮರಳುವಾಗ ಏನು ಗಮನಿಸಬೇಕು?
ಎಲ್. ಎಸ್., ಮಲ್ಲೇಶ್ವರ

ಫೋನ್ ಬರದಿರುವುದೇ ಸಹಜ ಎಂದು ಮೊದಲೇ ತಿಳಿದುಕೊಂಡಿರಿ. ಮೊಬೈಲ್ ಗೋಪುರಗಳಿಗೆ ಕರೆಂಟು ಇರುವುದಿಲ್ಲ. ಇಲ್ಲಿಂದ ಚಿಕ್ಕಪ್ಪ, ದೊಡ್ಡಮ್ಮ, ಅತ್ತಿಗೆ ಎಲ್ಲರೂ ಕರೆ ಮಾಡುತ್ತಾ ಹೋದರೆ ಅವರ ಮೊಬೈಲಿನಲ್ಲಿ ಉಳಿದ ಚಾರ್ಜೂ ಮುಗಿಯುತ್ತದೆ. ಮನೆಯವರೆಲ್ಲ ಸೇರಿ ಒಬ್ಬರನ್ನು ಗೊತ್ತುಮಾಡಿ, ಮಿಕ್ಕವರು ಅವರನ್ನು ಕೇಳಲಿ. ಕರೆ ಹೋಗದ ಕಡೆಯೂ ಸಾದಾ ಎಸ್‌ಎಂಎಸ್ ಎಷ್ಟೋ ಸಲ ತಲುಪುತ್ತದೆ.

ಮರಳುವ ದಿನವನ್ನು ಜಿಲ್ಲಾಡಳಿತ ಹೇಳುತ್ತದೆ, ಅದಕ್ಕೆ ಮೊದಲು ಬೇಡ. ತುಂಡಾದ ತಂತಿ ನಿಂತ ನೀರಿನಡಿ ಬಿದ್ದಿರಬಹುದು. ಜನರೇಟರನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ, ಕಿಟಕಿಯ ಪಕ್ಕ ಇಡಲೇಬಾರದು. 20 ಅಡಿ ಆಚೆ ಬಯಲಿನಲ್ಲಿರಬೇಕು. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. 2020ರಲ್ಲಿ ಲಾರಾ ಚಂಡಮಾರುತ ಹಾದುಹೋದ ಮೇಲೆ ಲೂಯಿಸಿಯಾನಾದಲ್ಲಿ ಹಲವರು ಸತ್ತದ್ದು ಇದರಿಂದಲೇ. ಫ್ರಿಜ್‌ನಲ್ಲಿದ್ದ ಸಾರು, ಮೊಸರು ಎಲ್ಲವನ್ನೂ ಚೆಲ್ಲಲಿ.

ಮನೆ ಬಿಡುವ ಮುನ್ನ ಮಗಳು ನಿಮಗೆ ಒಂದು ಸಂದೇಶ ಕಳಿಸಬೇಕು: ಯಾರ ಮನೆಗೆ, ಆ ಮನೆಯವರ ಫೋನ್ ಸಂಖ್ಯೆ ಏನು, ಯಾವ ಹೆದ್ದಾರಿಯಲ್ಲಿ, ಮುಂದಿನ ಸಂದೇಶ ಸುಮಾರು ಯಾವಾಗ. ಆ ಗಡುವು ದಾಟಿ ಇಡೀ ಒಂದು ದಿನವಾದರೂ ಸುದ್ದಿ ಇಲ್ಲದಿದ್ದರೆ ಮೊದಲು ಆ ಮನೆಯವರಿಗೆ, ಆಮೇಲೆ ಭಾರತೀಯ ಕಾನ್ಸುಲೇಟಿಗೆ ಫೋನ್ ಮಾಡಿ. ಫ್ಲಾರಿಡಾಕ್ಕೆ ಅಟ್ಲಾಂಟಾದ ಕಚೇರಿ, ಟೆಕ್ಸಾಸಿಗೆ ಹ್ಯೂಸ್ಟನ್ನಿನ ಕಚೇರಿ. ಪಾಸ್‌ಪೋರ್ಟ್ ಸಂಖ್ಯೆ ಮತ್ತು ಆ ಕೊನೆಯ ಸಂದೇಶವನ್ನು ಕೈಯಲ್ಲಿ ಹಿಡಿದುಕೊಂಡೇ ಕರೆ ಮಾಡಿ. ಅವರು ಮೊದಲು ಕೇಳುವುದು ಅವೆರಡನ್ನೇ.